ರೆಕ್ಕೆಯ ಮೇಲಿನ ಕುಂಕುಮ

ಆ ವಿಮಾನ ಮೂಗಿನಿಂದ ಬಾಲದವರೆಗೆ ನನ್ನ ಒಂದು ಗೇಣು. ರೆಕ್ಕೆಯ ತುದಿಯಿಂದ ತುದಿಗೆ ಒಂದು ಗೇಣು, ಮೇಲೆ ಮೂರು ಬೆರಳು. ಪೆಟ್ಟಿಗೆಯಲ್ಲಿ ಬಂದಾಗ ಅದು ವಿಮಾನವಾಗಿರಲಿಲ್ಲ. ಬೂದು ಪ್ಲಾಸ್ಟಿಕ್ಕಿನ ಕಡ್ಡಿಗಳು, ಕಡ್ಡಿಗಳಿಗೆ ಅಂಟಿಕೊಂಡ ಚೂರುಗಳು, ಒಣಗಿದ ಬಳ್ಳಿಯಲ್ಲಿ ಕಾಯಿ ಉಳಿದುಕೊಂಡ ಹಾಗೆ. ಪೆಟ್ಟಿಗೆಯ ಮೇಲೆ ಚಿತ್ರ ಇತ್ತು. ಚಿತ್ರ ಇಲ್ಲದಿದ್ದರೆ ನಾನು ಕಸ ಎಂದು ಎತ್ತಿ ಹಾಕುತ್ತಿದ್ದೆ.

ತಂದವಳು ಮಗಳು. ಅವಳು ಬ್ಯಾಂಕಿನಲ್ಲಿದ್ದಾಳೆ, ಇದೇ ಕಾಶಿಯ ಲಂಕಾ ಎಂಬ ಪೇಟೆಯ ಹತ್ತಿರ ಮನೆ ಮಾಡಿಕೊಂಡಿದ್ದಾಳೆ. ನಾವಿಬ್ಬರು ಜಂಗಮವಾಡಿಯ ಓಣಿಯಲ್ಲಿ ಮಾಳಿಗೆಯ ಮೇಲೆ ಎರಡು ಕೋಣೆ ಹಿಡಿದಿದ್ದೇವೆ. ನನ್ನ ಯಜಮಾನರು ರೈಲು ಇಂಜಿನ್ ಕಾರ್ಖಾನೆಗೆ ಫಿಟ್ಟರ್ ಆಗಿ ಬೆಳಗಾವಿ ಕಡೆಯಿಂದ ಇಲ್ಲಿಗೆ ಬಂದವರು. ರಿಟೈರ್ ಆದ ಮೇಲೂ ಇಲ್ಲೇ ಉಳಿದೆವು. ಕಾಶಿಯಲ್ಲಿ ಸಾಯಬೇಕೆಂದು ಅಲ್ಲ. ಮಗಳು ಇಲ್ಲಿದ್ದಾಳೆ, ಅದಕ್ಕೆ.

"ಅಪ್ಪಾ, ನೀ ಹೇಳಿದ್ದಽ ಸಿಕ್ತು. ಹರಿಕೇನ್," ಎಂದು ಮಗಳು ಪೆಟ್ಟಿಗೆಯನ್ನು ಇವರ ತೊಡೆಯ ಮೇಲಿಟ್ಟಳು.

ಇವರು ಅದನ್ನು ಎತ್ತಿ ಬಲಗಣ್ಣಿನ ಹತ್ತಿರ ಹಿಡಿದು, ಮೂಲೆಯಿಂದ ಮೂಲೆಗೆ ಸರಿಸಿ ಸರಿಸಿ ಚಿತ್ರ ನೋಡಿದರು.

"ಈ ವಯಸ್ಸಿನಾಗ ಆಟಿಗಿ ಸಾಮಾನು," ಎಂದೆ ನಾನು. "ಕೂಡಸಾಕ ಕಣ್ಣು ಬೇಕಲ್ರೀ."

"ಕಣ್ಣು ಐತಿ. ದಸರಾ ತನಕ ಐತಿ," ಎಂದರು.

ಎಡಗಣ್ಣು ಹೋಗಿ ಎರಡು ವರ್ಷವಾಗಿತ್ತು. ಇಲ್ಲಿ ಅದಕ್ಕೆ ಕಾಲಾ ಮೋತಿಯಾ ಅನ್ನುತ್ತಾರೆ. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗುವ ರೋಗ. ಬಲಗಣ್ಣು ಉಳಿದಿತ್ತು, ಅದೂ ಕೊಳವೆಯೊಳಗಿಂದ ನೋಡಿದ ಹಾಗೆ. ಎದುರಿಗೆ ಒಂದು ಅಂಗೈಯಷ್ಟು ಕಾಣುತ್ತದೆ, ಅಕ್ಕಪಕ್ಕ ಏನೂ ಇಲ್ಲ. ಊಟಕ್ಕೆ ಕುಳಿತರೆ ರೊಟ್ಟಿ ಕಾಣುತ್ತದೆ, ಪಕ್ಕದ ಪಲ್ಯ ಕಾಣುವುದಿಲ್ಲ. ದಸರಾ ಮುಗಿದ ಸೋಮವಾರ ಆಪರೇಷನ್ ಎಂದು ಗೊತ್ತಾಗಿತ್ತು. ಡಾಕ್ಟರು ಮುಚ್ಚಿಟ್ಟು ಮಾತಾಡಲಿಲ್ಲ. ಹೋದ ದೃಷ್ಟಿ ಬರುವುದಿಲ್ಲ, ಇದ್ದದ್ದನ್ನು ಉಳಿಸಲು ನೋಡುತ್ತೇವೆ, ಉಳಿಯದೆಯೂ ಹೋಗಬಹುದು ಎಂದರು. ಇವರು ಅಷ್ಟೂ ಕೇಳಿಕೊಂಡು ಬಂದು ಮಗಳಿಗೆ ಈ ವಿಮಾನ ತರಲು ಹೇಳಿದ್ದರು. ಸೋಮವಾರದೊಳಗೆ ಅದನ್ನು ಮುಗಿಸಬೇಕು, ಮುಗಿದದ್ದನ್ನು ತಮ್ಮ ಕಣ್ಣಿಂದ ನೋಡಬೇಕು. ಬೇರೆ ಏನನ್ನೂ ಕೇಳಲಿಲ್ಲ.

ಯಾಕೆ ವಿಮಾನ ಎಂಬುದು ನನಗೆ ಗೊತ್ತಾದದ್ದು ಚೂರುಗಳನ್ನು ಕಡ್ಡಿಯಿಂದ ಬಿಡಿಸುತ್ತ ಕುಳಿತಾಗ. ಮದುವೆಯಾಗಿ ಐವತ್ತು ವರ್ಷ ಮೀರಿದೆ, ಆ ಮಾತು ಅಲ್ಲಿಯವರೆಗೆ ಪೂರ್ತಿಯಾಗಿ ನನ್ನ ಕಿವಿಗೆ ಬಿದ್ದಿರಲಿಲ್ಲ.

ನನ್ನ ಮಾವ, ಇವರ ಅಪ್ಪ, ದೊಡ್ಡ ಯುದ್ಧದ ಕಾಲದಲ್ಲಿ ಬರ್ಮಾ ಗಡಿಯ ಹತ್ತಿರ ವಿಮಾನಗಳ ರಿಪೇರಿ ಕೆಲಸದಲ್ಲಿದ್ದರು. ಆಗ ನಮ್ಮ ಕಡೆಯ ವಿಮಾನಗಳ ರೆಕ್ಕೆಯ ಮೇಲೆ ದುಂಡನೆಯ ಗುರುತು ಇರುತ್ತಿತ್ತಂತೆ. ಹೊರಗೆ ನೀಲಿ, ಅದರೊಳಗೆ ಬಿಳಿ, ನಟ್ಟನಡುವೆ ಕೆಂಪು. ಜಪಾನಿನವರ ವಿಮಾನಕ್ಕೂ ಕೆಂಪು ದುಂಡು. ಅವಸರದಲ್ಲಿ ನೋಡಿದವನ ಕಣ್ಣಿಗೆ ಮೊದಲು ಬೀಳುವುದು ಕೆಂಪು. ನಮ್ಮವರು ನಮ್ಮವರಿಗೇ ಗುಂಡು ಹಾರಿಸುವುದಾಯಿತು. ನಡುವಿನ ಕೆಂಪನ್ನು ಅಳಿಸಿ ಬಿಳಿ ಮಾಡಿ ಎಂದು ಹುಕುಂ ಬಂತು. ಬಿಳಿ ಬಣ್ಣದ ಡಬ್ಬ ಮಾವನ ಕೈಗೆ ಬಂತು.

ಎಷ್ಟೋ ವಿಮಾನಕ್ಕೆ ಹಚ್ಚಿದರು. ಒಂದು ವಿಮಾನದ ಎಡರೆಕ್ಕೆಯಲ್ಲಿ ಮಾತ್ರ ಹಚ್ಚಿದ ಬಿಳಿಯ ಕೆಳಗಿನಿಂದ ಕೆಂಪು ಮೇಲೆದ್ದು ಬಂತು. ಯಾರೂ ನೋಡಲಿಲ್ಲ. ಹಾಗೆಯೇ ಹಾರಿತು. ಮೇಲಿನಿಂದ ಬಂದ ನಮ್ಮದೇ ಇನ್ನೊಂದು ವಿಮಾನ ಅದಕ್ಕೆ ಹೊಡೆಯಿತು. ನಡೆಸುತ್ತಿದ್ದವನು ಹೇಗೋ ಇಳಿಸಿದ, ಆದರೆ ಒಂದು ಕಾಲು ಹೋಯಿತು. ನೀನು ಒಂದೇ ಕೋಟ್ ಹಚ್ಚಿದ್ದೀಯ ಎಂದು ಮೇಲಿನವರು ಮಾವನನ್ನು ಹಿಡಿದುಕೊಂಡರು. ಎರಡು ಹಚ್ಚಿದ್ದೇನೆ ಎಂದರು ಮಾವ. ಯಾರೂ ನಂಬಲಿಲ್ಲ. ಹುದ್ದೆ ಇಳಿಸಿ ಕಡೆಗೆ ಮನೆಗೆ ಕಳಿಸಿದರು.

"ಸಾಯೋ ತನಕ ಅದಽ ಮಾತು. ನಾ ಎರಡು ಸಲ ಹಚ್ಚಿದ್ದೆ, ಎರಡು ಸಲ ಹಚ್ಚಿದ್ದೆ," ಎಂದರು ಇವರು, ಚೂರಿಯಿಂದ ಪ್ಲಾಸ್ಟಿಕ್ಕಿನ ಅಂಚು ಕೆರೆಯುತ್ತ. "ನಾ ಫ್ಯಾಕ್ಟರಿ ಸೇರಿದ ಹೊಸದರಾಗ ಅಪ್ಪನ ಮುಂದಽ ಅಂದುಬಿಟ್ಟೆ. ಎರಡು ಕೋಟ್ ಬಿಳಿ ಬಿದ್ದ ಮ್ಯಾಲೆ ಕೆಂಪು ಹೆಂಗ ಕಾಣತೈತಿ, ನೀ ಒಂದಽ ಹಚ್ಚೀದಿ, ಒಪ್ಪಿಕೋ ಅಂತ."

"ಅವ್ರು ಏನಂದ್ರು?"

"ಏನೂ ಅನ್ನಲಿಲ್ಲ. ಎದ್ದು ಹೋದ. ಆಮ್ಯಾಲೆ ನನ್ನ ಮುಂದ ಆ ಮಾತು ತೆಗೀಲೇ ಇಲ್ಲ."

"ಈಗ ಇದನ್ನ ಮಾಡಿದ್ರ ಏನಾಗತೈತಿ?"

"ಅಪ್ಪನ ತಪ್ಪು ಒಂದು ಕಡೆ ಸರಿ ಆಗತೈತಿ. ಬಿಳಿ ಬಿಳಿ ಆಗಿ ಕಾಣೋ ವಿಮಾನ ಒಂದು ಇರತೈತಿ."

ನನಗೆ ಆಗ ನೆನಪಾದದ್ದು ಬೇರೆ. ನಮ್ಮ ಕಡೆ ಮಹಾನವಮಿಯ ದಿನ ಖಂಡೇಪೂಜೆ ಮಾಡುತ್ತೇವೆ. ಮನೆಯ ಕುಡುಗೋಲು, ಕತ್ತರಿ, ಸುತ್ತಿಗೆ, ಬೀಸುವ ಕಲ್ಲು ಎಲ್ಲ ತೊಳೆದಿಟ್ಟು ವಿಭೂತಿ ಕುಂಕುಮ ಹಚ್ಚುತ್ತೇವೆ. ನಾನು ಸೊಸೆಯಾಗಿ ಬಂದ ವರ್ಷ ಕುಂಕುಮದ ಬಟ್ಟಲು ತಂದರೆ ಮಾವ ಅದನ್ನು ಹಿಂದಕ್ಕೆ ಕಳಿಸಿದರು. "ವಿಭೂತಿ ಸಾಕವ್ವಾ. ಕೆಂಪು ಬ್ಯಾಡ," ಎಂದರು. ಅವರಿರುವ ತನಕ ಆ ಮನೆಯ ಒಂದು ಹತಾರಕ್ಕೂ ಕುಂಕುಮ ಬೀಳಲಿಲ್ಲ. ನಾನು ಮುದುಕನ ವಕ್ರಬುದ್ಧಿ ಎಂದುಕೊಂಡಿದ್ದೆ. ಅವರು ತೀರಿಕೊಂಡ ವರ್ಷದಿಂದ ಹಚ್ಚತೊಡಗಿದೆ. ಇವರು ಬೇಡ ಎನ್ನಲಿಲ್ಲ. ಇಲ್ಲಿಯ ಕಾರ್ಖಾನೆಯಲ್ಲಿ ವಿಶ್ವಕರ್ಮ ಪೂಜೆ ಮಾಡುತ್ತಾರೆ, ಯಂತ್ರಗಳಿಗೆ ಕೆಂಪು ಬಳಿಯುತ್ತಾರೆ, ಅದನ್ನು ನೋಡಿ ನೋಡಿ ಇವರಿಗೂ ರೂಢಿಯಾಗಿರಬೇಕು.

ಕೆಲಸ ನಾವು ಹಂಚಿಕೊಂಡ ರೀತಿ ಹೀಗೆ. ಕತ್ತರಿಸುವುದು, ಉಜ್ಜುವುದು, ಅಂಟಿಸುವುದು ಇವರದು. ಅದಕ್ಕೆ ಬೆರಳು ಸಾಕು. ಎರಡು ಚೂರು ಕೂಡಿದ ಕಡೆ ಉಗುರು ಎಳೆದು, ಉಗುರು ತಡೆದರೆ ಇನ್ನಷ್ಟು ಉಜ್ಜುತ್ತಿದ್ದರು. ಬಣ್ಣ ನನ್ನದು. ನಾನು ಚಿಕ್ಕವಳಿದ್ದಾಗಿನಿಂದ ಸೀರೆಗೆ ಕಸೂತಿ ಹಾಕಿದವಳು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಬಟ್ಟೆಯ ಎಳೆ ಎಣಿಸಿ ಎಣಿಸಿ ಚುಚ್ಚಬೇಕು. ಓದು ಬರಹ ಎರಡನೇ ಇಯತ್ತೆಗೆ ನಿಂತಿತು, ಕೈ ನಿಲ್ಲಲಿಲ್ಲ. ಎಪ್ಪತ್ತಾರಕ್ಕೂ ನನ್ನ ಕೈ ನಡುಗುವುದಿಲ್ಲ. ಇವರ ಬೆರಳು, ನನ್ನ ಕಣ್ಣು ಎರಡೂ ಒಬ್ಬರಿಗೇ ಇದ್ದಿದ್ದರೆ ಎಂದು ಮಗಳು ನಗುತ್ತಿದ್ದಳು.

ಪೆಟ್ಟಿಗೆಯಲ್ಲಿ ಗುರುತುಗಳ ಚೀಟಿ ಇತ್ತು, ನೀರಲ್ಲಿ ನೆನೆಸಿ ಅಂಟಿಸುವಂಥದ್ದು. ಅದರಲ್ಲಿ ನಡುವೆ ಕೆಂಪು ಇತ್ತು. ಇವರು ಅದನ್ನು ಹರಿದು ಹಾಕಿದರು. "ಕೈಲೆ ಬರೀಬೇಕು," ಎಂದರು. ಅಷ್ಟು ಸಣ್ಣ ದುಂಡು ಕೈಯಿಂದ ಬರೆಯುವುದು ಹೇಗೆ ಎಂದು ಎರಡು ದಿನ ಯೋಚಿಸಿದೆ. ಆಮೇಲೆ ಕನ್ನಡಿಯಲ್ಲಿ ಹಣೆ ನೋಡಿಕೊಳ್ಳುವಾಗ ಹೊಳೆಯಿತು. ರೆಕ್ಕೆಗೆ ಮೊದಲು ಬಿಳಿ ಹಚ್ಚಿದೆ. ಒಣಗಿದ ಮೇಲೆ ನಡುವೆ ನನ್ನ ಟಿಕಳಿ ಅಂಟಿಸಿದೆ, ಓಣಿಯ ಅಂಗಡಿಯಲ್ಲಿ ಬಿಂದಿ ಎಂದು ಚೀಟಿಯಲ್ಲಿ ಮಾರುವ ಅದೇ ಟಿಕಳಿ. ಇವರ ಕಣ್ಣಿನ ಹನಿಯ ಬಾಟಲಿಯ ಮುಚ್ಚಳ ಇಟ್ಟು ಅಂಟುಕಾಗದದಲ್ಲಿ ದುಂಡನೆಯ ಕಿಂಡಿ ಕತ್ತರಿಸಿ ಸುತ್ತ ಹಾಕಿದೆ. ಕಿಂಡಿಯೊಳಗೆ ಕಡುನೀಲಿ ಬಳಿದೆ. ಕಾಗದ ತೆಗೆದು, ಟಿಕಳಿ ಕಿತ್ತರೆ ನೀಲಿಯ ನಡುವೆ ಹಾಲಿನ ಹನಿಯ ಹಾಗೆ ಬಿಳಿ.

ಇವರು ರೆಕ್ಕೆಯನ್ನು ಕಣ್ಣಿಗೆ ಹಿಡಿದರು. "ಟಿಕಳೀಲೆ ಮಾಡಿದೇನು?" ಎಂದು ಬಹಳ ಹೊತ್ತು ನಕ್ಕರು. "ಮಿಲಿಟರಿಯವರಿಗೆ ಇದು ತಿಳದಿದ್ದಿಲ್ಲ ನೋಡು."

ಶುಕ್ರವಾರ ನವಮಿ. ಆ ಹೊತ್ತಿಗೆ ವಿಮಾನ ವಿಮಾನವಾಗಿತ್ತು. ಮೇಲೆ ಹಸಿರು ಕಂದು, ಕೆಳಗೆ ಬೂದು. ಮೂಗಿನ ಪಂಖ, ಗಾಲಿ, ಗಾಜಿನ ಮುಚ್ಚಳ ಅಷ್ಟೇ ಉಳಿದಿದ್ದವು. ಇವರು ಸ್ನಾನಕ್ಕೆ ಹೋಗಿದ್ದರು. ನಾನು ಹಲಗೆಯ ಮೇಲೆ ಹತಾರಗಳನ್ನು ಸಾಲಾಗಿ ಇಟ್ಟೆ. ಕತ್ತರಿ, ಇಕ್ಕಳ, ಚಿಮಟಿಗೆ, ಚೂರಿ, ಹೊಲಿಗೆ ಯಂತ್ರ, ಈಳಿಗೆ. ಕಡೆಗೆ ವಿಮಾನವನ್ನೂ ತಂದಿಟ್ಟೆ. ಕೈಯಿಂದ ಮಾಡಿದ್ದು, ಹಬ್ಬದ ದಿನ ಬೇರೆ ಮೂಲೆಯಲ್ಲಿ ಯಾಕಿರಬೇಕು ಎಂದು. ಎಲ್ಲಕ್ಕೂ ವಿಭೂತಿ ಎಳೆದೆ, ವಿಮಾನಕ್ಕೆ ಬಾಲದ ಮೇಲೆ ಸಣ್ಣಗೆ. ಆಮೇಲೆ ಉಂಗುರದ ಬೆರಳು ನೀರಿನಲ್ಲಿ ಅದ್ದಿ ಕುಂಕುಮ ತೆಗೆದುಕೊಂಡು ಒಂದೊಂದಕ್ಕೆ ಇಡುತ್ತ ಬಂದೆ. ಕತ್ತರಿಗೆ ಇಟ್ಟೆ. ಇಕ್ಕಳಕ್ಕೆ ಇಟ್ಟೆ. ಎಡರೆಕ್ಕೆಯ ಬಿಳಿಯ ನಡುವೆ ಇಟ್ಟೆ.

ಬಲರೆಕ್ಕೆಗೆ ಬೆರಳು ಹೋದಾಗ ತಿಳಿಯಿತು ಏನು ಮಾಡಿದೆ ಎಂದು.

ಕತೆ ನನಗೆ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಎಲ್ಲ ಗೊತ್ತಿತ್ತು. ದುಂಡನೆಯ ಬಿಳಿ ಜಾಗ ಕಂಡಿತು, ಬೆರಳಲ್ಲಿ ಕುಂಕುಮ ಇತ್ತು, ಅಷ್ಟೇ. ಅರವತ್ತು ವರ್ಷ ಹಣೆಗೆ, ಹೊಸ್ತಿಲಿಗೆ ಕುಂಕುಮ ಇಟ್ಟ ಬೆರಳು ತಲೆಯನ್ನು ಕೇಳಲಿಲ್ಲ.

ಸೆರಗಿನಿಂದ ಒರೆಸಿದೆ. ಒರೆಸಬಾರದಿತ್ತು. ಹೊಳಪಿಲ್ಲದ ಬಣ್ಣ ಅದು, ಹೊಸ ಗೋಡೆ ನೀರು ಕುಡಿದ ಹಾಗೆ ಕೆಂಪನ್ನು ಕುಡಿಯಿತು. ಬೊಟ್ಟು ಹೋಗಿ ಬಿಳಿಯೆಲ್ಲ ಕೆಂಪಾಯಿತು. ಹಣೆಯ ಕುಂಕುಮ ಎಣ್ಣೆಗೆ ಬಿಡುತ್ತದೆ ಎಂದು ಬತ್ತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ತಿಕ್ಕಿದೆ. ಕೆಂಪು ನೀಲಿಯ ಅಂಚಿಗೂ ಹರಿಯಿತು. ಅಷ್ಟರಲ್ಲಿ ಬಚ್ಚಲಿನ ಚಿಲಕದ ಸಪ್ಪಳವಾಯಿತು. ವಿಮಾನವನ್ನು ಎತ್ತಿ ರೊಟ್ಟಿಯ ಬುಟ್ಟಿ ಅದರ ಮೇಲೆ ಬೋರಲು ಹಾಕಿದೆ.

"ವಿಮಾನ ಎಲ್ಲಿ?" ಎಂದರು ಇವರು ಬಂದ ತಕ್ಷಣ. ಹಲಗೆಯ ಮೇಲೆ ಕೈಯಾಡಿಸಿ ನೋಡಿದರು.

"ಬುಟ್ಟಿ ಒಳಗ ಐತಿ. ಮಂಗ್ಯಾ ಬರ್ತಾವು."

"ಪೂಜಿ ಆತೇನು ಅದಕ್ಕ?"

"ವಿಭೂತಿ ಹಚ್ಚೀನಿ."

ಅದು ಸುಳ್ಳಲ್ಲ. ಆದರೆ ಸುಳ್ಳಿಗಿಂತ ಕೆಟ್ಟದ್ದಾಗಿತ್ತು.

ಮಧ್ಯಾಹ್ನ ಮಗಳ ಫೋನು ಬಂತು. ಹೇಳಬೇಕೆಂದು ಬಾಯಿ ತೆರೆದೆ. ಅವಳೇ ಮೊದಲು ಮಾತಾಡಿದಳು. "ಅವ್ವಾ, ಡಾಕ್ಟರ್ ಕಡೆ ಕೇಳೀನಿ. ಸೋಮವಾರ ತನಕ ಅಪ್ಪ ಸಿಟ್ಟಿಗೆ ಏಳಬಾರದು, ಬಾಗಬಾರದು, ಟೆನ್ಷನ್ ಮಾಡಿಕೊಳ್ಳಬಾರದು. ಕಣ್ಣಿನ ಪ್ರೆಷರ್ ಮೊದಲಽ ಜಾಸ್ತಿ ಐತಿ. ಮನಸಿಗೆ ಹತ್ತೋ ಅಂಥದ್ದು ಏನೂ ಹೇಳಬ್ಯಾಡ."

"ನಾ ಏನು ಹೇಳಲಿ," ಎಂದು ಫೋನು ಇಟ್ಟೆ.

ಇನ್ನು ಹೇಳುವ ದಾರಿಯೂ ಮುಚ್ಚಿತು. ಹೇಳಿದರೆ ಕಣ್ಣಿಗೆ ಏನಾಗುತ್ತದೋ. ಹೇಳದಿದ್ದರೆ ಇವರೇ ನೋಡುತ್ತಾರೆ. ಆಗಲೂ ಕಣ್ಣಿಗೆ ಏನಾಗುತ್ತದೋ. ಇವರು ಮಲಗಿದ್ದಾಗ ಬುಟ್ಟಿ ತೆಗೆದು ಅದರ ಮೇಲೆ ಬಿಳಿ ಹಚ್ಚಲು ನೋಡಿದೆ. ಎಣ್ಣೆಯ ಮೇಲೆ ಬಣ್ಣ ನಿಲ್ಲಲಿಲ್ಲ, ಎಲೆಯ ಮೇಲಿನ ನೀರಿನ ಹಾಗೆ ಸರಿದು ಗುಂಡಾಯಿತು. ಅದನ್ನೂ ಒರೆಸಿದೆ.

ಮನೆಯ ಮಾಲಕಿ ಕೆಳಗಿನಿಂದ ಒಣಗಿದ ಬಟ್ಟೆ ತೆಗೆಯಲು ಬಂದಿದ್ದಳು. ನನಗಿಂತ ಚಿಕ್ಕವಳು, ದೊಡ್ಡ ಬಾಯಿಯವಳು. ಕೋಣೆಯ ಹೊರಗೆ ಮಾಳಿಗೆಯ ಅಂಚಿನ ಕಟ್ಟೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕುಳಿತ ನನ್ನನ್ನು ಕಂಡು ಏನಾಯಿತು ಎಂದಳು. ತೋರಿಸಿದೆ. ಅವಳಿಗೆ ಕತೆ ಗೊತ್ತಿಲ್ಲ, ಕೆಂಪು ಕಲೆ ಮಾತ್ರ ಕಂಡಿತು.

"ಅರೆ ಅಮ್ಮಾ, ಬಂದರ್ ಕಾ ನಾಮ್ ಲೇ ಲೋ," ಎಂದಳು. ಕೋತಿಯ ಹೆಸರು ಹೇಳಿಬಿಡು ಎಂದು. "ನಮ್ಮ ಮನೆಯಲ್ಲಿ ಹಾಲು ಕಡಿಮೆಯಾದರೂ ಕೋತಿ, ಗಾಜು ಒಡೆದರೂ ಕೋತಿ. ನನ್ನ ಅತ್ತೆ ಕಾಲದಿಂದ ಹಾಗೇ ನಡೆದಿದೆ."

ನಗಬೇಕಿತ್ತು. ನಗು ಬರಲಿಲ್ಲ. ಅವಳು ಹೋದ ಮೇಲೆ ನಾನು ಕಟ್ಟೆಯಿಂದ ಕೆಳಗಿನ ಓಣಿ ನೋಡಿದೆ. ಇಲ್ಲಿಂದ ಕೈಬಿಟ್ಟರೆ ಕಲ್ಲಿನ ಮೇಲೆ ಬಿದ್ದು ಚೂರಾಗುತ್ತದೆ. ಕೋತಿ ಒಯ್ದಿತು ಎಂದರೆ ಇವರು ನಂಬುತ್ತಾರೆ, ಮಂಗನ ಮೇಲೆ ಎಷ್ಟು ಸಿಟ್ಟು ಮಾಡಿಕೊಂಡಾರು. ಕೆಂಪು ಯಾರಿಗೂ ಕಾಣುವುದಿಲ್ಲ. ವಿಮಾನ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ರೆಕ್ಕೆ ದೇಹಕ್ಕೆ ಕೂಡಿದ ಕಡೆ ಹೆಬ್ಬೆರಳು ತಾಕಿತು. ಗೆರೆಯೇ ಇಲ್ಲ, ಕಣ್ಣಿಲ್ಲದವರು ಉಗುರಿನಿಂದ ಹುಡುಕಿ ಹುಡುಕಿ ಉಜ್ಜಿದ್ದು. ಒಳಗೆ ತಂದಿಟ್ಟೆ. ಆ ಹೊತ್ತು ನಾನು ಬಿಟ್ಟುಬಿಡುತ್ತಿದ್ದೆ ಎಂಬುದು ಖರೆ.

ಮರುದಿನ ದಶಮಿ. ಬೆಳಿಗ್ಗೆ ಬನ್ನಿ ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ವಾಡಿಕೆ. ಇವರು ಹೇಳಿದರು. ನಾನು ಎಲೆ ಕೈಗಿಟ್ಟು ಒಲೆಯ ಕಡೆ ಹೋದೆ.

"ವಿಮಾನ ತಾ. ಪಂಖ ಕೂಡಸೋಣು."

"ಬಣ್ಣ ಹಸಿ ಐತ್ರೀ. ನಾಳೆ ಮಾಡ್ರಿ."

"ನಾಳೆ ಒಂದಽ ಉಳೀತು. ನಾಡದು ದವಾಖಾನಿ. ತಾ."

ತಂದೆ. ಇವರ ಎಡಕ್ಕೆ, ಕುರುಡು ಕಣ್ಣಿನ ಕಡೆ ಕುಳಿತೆ. ವಿಮಾನವನ್ನು ನಾನೇ ಹಿಡಿದುಕೊಂಡೆ, ಎಡರೆಕ್ಕೆ ನನ್ನ ಮುಷ್ಟಿಯೊಳಗೆ, ಹೆಬ್ಬೆರಳು ಕಲೆಯ ಮೇಲೆ.

"ನಾ ಹಿಡೀತೀನಿ, ನೀವು ಅಂಟಸ್ರಿ," ಎಂದೆ.

ಇವರು ಮೂಗಿನ ಹತ್ತಿರ ಬಾಗಿದರು. ಬಾಗಬಾರದು ಎಂದು ಮಗಳು ಹೇಳಿದ್ದು ನೆನಪಾಗಿ ವಿಮಾನವನ್ನು ನಾನೇ ಮೇಲೆತ್ತಿದೆ. ಎತ್ತಿದರೆ ರೆಕ್ಕೆ ಇವರ ಬಲಗಣ್ಣಿನ ಎದುರಿಗೆ ಬರುತ್ತಿತ್ತು. ತಿರುಗಿಸಿದೆ. ಇವರು ಅಂಟಿನ ಹನಿ ಬಿಡಲು ಹೋದರು, ಮೂಗು ಅಲ್ಲಿರಲಿಲ್ಲ. ಮತ್ತೆ ಹಿಡಿದೆ. ಹನಿ ಬಿತ್ತು. ಪಂಖ ಕೂಡಿಸಿದರು. ಪಂಖ ಒಂದೇ ಕಡೆ ನಿಲ್ಲಲಿಲ್ಲ, ಸಣ್ಣಗೆ ಅಲುಗುತ್ತಿತ್ತು.

ಇವರು ಚಿಮಟಿಗೆ ಕೆಳಗಿಟ್ಟರು.

"ನಿನ್ನ ಕೈ ಯಾಕ ನಡುಗಾಕತ್ತೈತಿ?"

"ಇಲ್ಲ."

"ಐವತ್ತು ವರ್ಷ ನೋಡೀನಿ. ಒಲಿ ಮುಂದ ಸುಟ್ಟಾಗೂ ಈ ಕೈ ನಡುಗಿಲ್ಲ. ಏನಾತು?"

ಹೆಬ್ಬೆರಳು ತೆಗೆದೆ.

"ನಿನ್ನೆ ಪೂಜಿ ಒಳಗ ಕುಂಕುಮ ಹಚ್ಚಿದೆ. ಬೇಕಂತ ಅಲ್ಲ. ಕೈ ಹೋತು. ಆಮ್ಯಾಲೆ ತಿಕ್ಕಿ ಇನ್ನಷ್ಟು ಕೆಡಿಸಿದೆ. ಕಟ್ಟಿ ಮ್ಯಾಲಿಂದ ಒಗದುಬಿಡಬೇಕು ಅಂತಾನೂ ಮಾಡಿದ್ದೆ."

ಇವರು ರೆಕ್ಕೆಯನ್ನು ಬಲಗಣ್ಣಿನ ಹತ್ತಿರ ತಂದರು. ನೋಡಿದರು. ದೂರ ಮಾಡಿದರು. ಮತ್ತೆ ತಂದರು. ನಾನು ವಿಮಾನ ನೋಡಲಿಲ್ಲ, ಕಣ್ಣು ನೋಡುತ್ತಿದ್ದೆ, ಅದು ಕೆಂಪೇರುತ್ತದೆಯೇ ಎಂದು. ಇವರು ವಿಮಾನವನ್ನು ಹಲಗೆಯ ಮೇಲಿಟ್ಟರು. ಎದ್ದು ಗೋಡೆ ಹಿಡಿದುಕೊಂಡು ಕಿಟಕಿಗೆ ಹೋಗಿ ನಿಂತರು. ಓಣಿಯಲ್ಲಿ ದೇವಿಯ ಮೂರ್ತಿ ಹೊತ್ತವರು ಡೋಲು ಬಡಿಯುತ್ತ ಹೊಳೆಯ ಕಡೆ ಹೋಗುತ್ತಿದ್ದರು. ಡೋಲು ದೂರವಾಯಿತು. ಇವರು ತಿರುಗಲಿಲ್ಲ. ಊಟಕ್ಕೆ ಕರೆದೆ, ಬರಲಿಲ್ಲ. ಕಣ್ಣಿಗೆ ಹನಿ ಹಾಕುವ ಹೊತ್ತಾಯಿತು ಎಂದೆ. ಬಂದು ಕುಳಿತು ಮುಖ ಮೇಲೆತ್ತಿದರು. ಹನಿ ಹಾಕಿದೆ. ಕಣ್ಣು ಮುಚ್ಚಿಕೊಂಡೇ ಹೇಳಿದರು.

"ಎಣ್ಣಿ ಹಚ್ಚೀದೇನು ಅದಕ್ಕ?"

"ಹೂಂ."

"ಹುಚ್ಚಿ. ಎಣ್ಣಿ ಮ್ಯಾಲೆ ಬಣ್ಣ ಕೂಡತೈತೇನು. ಭಾಂಡೆ ತಿಕ್ಕೋ ಸೋಪ್ ತಾ."

ಸೋಪಿನ ನೀರಿನಿಂದ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಇವರೇ ಮೆತ್ತಗೆ ತೊಳೆದರು. ಜಿಡ್ಡು ಹೋಯಿತು, ಕೆಂಪು ಹೋಗಲಿಲ್ಲ. ಒರೆಸಿ, ಒಣಗಿಸಿ ನನ್ನ ಕೈಗೆ ಕೊಟ್ಟರು. ನೀಲಿಯ ಅಂಚು ಮೊದಲು ತಿದ್ದಿದೆ. ಆಮೇಲೆ ನಡುವೆ ಬಿಳಿ. ಕೈ ನಡುಗಲಿಲ್ಲ. ಹಚ್ಚಿದಾಗ ಚೆನ್ನಾಗಿ ಬಿಳಿಯಾಗಿ ಕಂಡಿತು. ಇವರು ಬೆರಳಿನ ಹಿಂಭಾಗ ಹತ್ತಿರ ಒಯ್ದು ಹಸಿಯ ತಂಪು ನೋಡಿ ಹೂಂ ಎಂದರು.

ರವಿವಾರ ಎದ್ದು ನೋಡಿದರೆ ಗುಲಾಬಿ. ಬಿಳಿಯ ಕೆಳಗಿನಿಂದ ಕೆಂಪು ಎದ್ದು ಬಂದಿತ್ತು, ಹಾಲಿನಲ್ಲಿ ಕೇಸರಿ ಬಿಟ್ಟ ಹಾಗೆ. ಮುಚ್ಚಿಡುವ ಬುದ್ಧಿ ಮತ್ತೆ ಬಂತು. ಮುಚ್ಚಿಡಲಿಲ್ಲ. "ಮ್ಯಾಲೆ ಬಂದೈತ್ರೀ," ಎಂದೆ.

"ಇನ್ನೊಂದು ಕೋಟ್ ಹೊಡಿ."

ಹೊಡೆದೆ. ಈ ಸಲ ದಪ್ಪಗೆ. ಇವರು ನನ್ನ ಮುಂದೆಯೇ ಕುಳಿತಿದ್ದರು. ಗಾಲಿ, ಗಾಜಿನ ಮುಚ್ಚಳ ಕೂಡಿಸುವ ಕೆಲಸ ಅಷ್ಟರಲ್ಲಿ ಮುಗಿಸಿದರು. ಮಧ್ಯಾಹ್ನ ಬಿಸಿಲಿಗೆ ಕಟ್ಟೆಯ ಮೇಲೆ ಇಟ್ಟು, ಮಂಗ ಬಾರದ ಹಾಗೆ ನಾನು ಕೋಲು ಹಿಡಿದು ಪಕ್ಕದಲ್ಲಿ ಕುಳಿತೆ. ಮಗಳು ಆಸ್ಪತ್ರೆಯ ಕಾಗದಗಳನ್ನು ತರಲು ಸಂಜೆ ಬರುವವಳಿದ್ದಳು. ನಾನು ಆ ಬಿಳಿಯನ್ನೇ ನೋಡುತ್ತ ಕುಳಿತೆ, ಹಾಲು ಉಕ್ಕುತ್ತದೆಯೇ ಎಂದು ನೋಡುವ ಹಾಗೆ. ಮೊದಲು ಏನೂ ಇರಲಿಲ್ಲ. ಆಮೇಲೆ ನಡುವೆ ಒಂದು ಛಾಯೆ. ನನ್ನ ಭ್ರಮೆ ಎಂದುಕೊಂಡೆ. ಭ್ರಮೆಯಲ್ಲ.

ಇವರು ಬಾಗಿಲಲ್ಲಿ ನಿಂತು ಕೈ ಚಾಚಿದರು. ಕೊಟ್ಟೆ. ಬಿಸಿಲಿಗೆ ಹಿಡಿದು ಕಣ್ಣಿನ ಹತ್ತಿರ ತಂದರು.

"ಗುಲಾಬಿ ಐತಿ," ಎಂದರು.

"ಐತ್ರೀ."

"ಎಷ್ಟು ಸಲ ಹಚ್ಚಿದಿ?"

"ಎರಡು ಸಲ."

"ಖರೇ?"

"ನಿಮ್ಮ ಎದುರಿಗೇ ಹಚ್ಚೀನಲ್ರೀ. ಎರಡು ಸಲ ಹಚ್ಚೀನಿ."

ನಾನು ಸಿಡುಕಿನಿಂದಲೇ ಹೇಳಿದೆ. ಹೇಳಿದ ಮೇಲೆ ನನಗೂ ಕೇಳಿಸಿತು, ಆ ಮಾತು ಯಾರದು ಎಂದು.

ಇವರು ಕಟ್ಟೆಯ ಮೇಲೆ ಕುಳಿತುಕೊಂಡರು. ವಿಮಾನ ತೊಡೆಯ ಮೇಲಿತ್ತು. ಬಲಗೈ ಹೆಬ್ಬೆರಳಿನಿಂದ ಆ ದುಂಡನ್ನು ಸವರುತ್ತಿದ್ದರು, ಬಣ್ಣ ಪೂರ್ತಿ ಒಣಗಿರಲಿಲ್ಲ, ಬೆರಳಿನ ಗುರುತು ಅದರಲ್ಲಿ ಮೂಡಿತು. ಕುಂಕುಮ ಬೇರೆ, ಆ ಕಾಲದ ವಿಮಾನದ ಬಣ್ಣ ಬೇರೆ. ಅದು ನನಗೂ ಗೊತ್ತು, ಫಿಟ್ಟರ್ ಆಗಿದ್ದವರಿಗೆ ನನಗಿಂತ ಚೆನ್ನಾಗಿ ಗೊತ್ತು. ಇದರಿಂದ ಮಾವ ಹೇಳಿದ್ದು ನಿಜ ಎಂದು ಯಾವ ಕೋರ್ಟೂ ಒಪ್ಪುವುದಿಲ್ಲ.

"ಎರಡು ಸಲ ಹಚ್ಚಿದ್ರೂ ಬರತೈತಿ," ಎಂದರು ಇವರು. ನನಗೆ ಹೇಳಿದ್ದಲ್ಲ.

ನಾನು ಕೋಲು ಕೆಳಗಿಟ್ಟು ಹೇಳಿದೆ, "ಬಿಳಿ ಒಳಗ ಒಂದು ಹನಿ ನೀಲಿ ಹಾಕಿ ಹಚ್ಚಲೇನು? ಧೋತ್ರಕ್ಕ ನೀಲಿ ಹಾಕಿದ್ರ ಹಳದಿ ಅಡಗತೈತಿ. ಇದೂ ಅಡಗಬಹುದು. ಸಂಜಿ ತನಕ ಒಣಗತೈತಿ."

"ಬ್ಯಾಡ."

"ಬಿಳಿ ಕಾಣಬೇಕು ಅಂದಿದ್ರಿ."

"ಬ್ಯಾಡ ಅಂದೆ. ಬ್ರಷ್ ತೊಳದಿಡು. ಮುಗೀತು ಇದು."

ಸಂಜೆ ಮಗಳು ಬಂದವಳು ವಿಮಾನ ನೋಡಿ ಚೆನ್ನಾಗಿದೆ ಎಂದಳು. ಇಲ್ಲಿ ಏನೋ ಕೆಂಪಾಗಿದೆಯಲ್ಲ ಎಂದಳು. "ಅದು ಹಂಗಽ ಇದ್ದದ್ದು," ಎಂದರು ಇವರು. ಅವಳು ನನ್ನ ಮುಖ ನೋಡಿದಳು. ನಾನು 'ಕಾಗದ ಎಲ್ಲ ಸರಿ ಇಟ್ಟುಕೊಂಡಿದ್ದೀಯಾ' ಎಂದು ಕೇಳಿದೆ.

ಸೋಮವಾರ ಬೆಳಿಗ್ಗೆ ರಿಕ್ಷಾ ಬರುವ ಮೊದಲು ಇವರು ಅದನ್ನು ಮತ್ತೊಮ್ಮೆ ಬಿಸಿಲಿಗೆ ಒಯ್ದು ಎಲ್ಲ ಕಡೆ ತಿರುಗಿಸಿ ನೋಡಿದರು. ಅಂಗೈಯಷ್ಟು ಅಂಗೈಯಷ್ಟಾಗಿ, ಮೂಗು, ಗಾಜು, ಬಾಲ, ಬಲರೆಕ್ಕೆ. ಎಡರೆಕ್ಕೆಯನ್ನು ಕಡೆಗೆ ನೋಡಿದರು. ನೋಡಿ ನನ್ನ ಕೈಗೆ ಕೊಟ್ಟು, ಚಪ್ಪಲಿ ಎಲ್ಲಿ ಎಂದು ಕೇಳಿದರು.

ಆಪರೇಷನ್ ಆಯಿತು. ಒತ್ತಡ ಇಳಿಯಿತು ಎಂದರು ಡಾಕ್ಟರು. ಇದ್ದ ಅಂಗೈಯಷ್ಟು ಉಳಿದಿದೆ, ಆದರೆ ಮಸುಕು. ನನ್ನ ಮುಖ ಕಾಣುತ್ತದೆ, ಟಿಕಳಿ ಇದೆಯೋ ಇಲ್ಲವೋ ತಿಳಿಯುವುದಿಲ್ಲವಂತೆ. ತಿಂಗಳಿಗೊಮ್ಮೆ ಒತ್ತಡ ಅಳೆಸಲು ಲಂಕಾದ ಆಸ್ಪತ್ರೆಗೆ ಹೋಗುತ್ತೇವೆ. ಅವರು ಯಂತ್ರ ಇಟ್ಟು ನೋಡುವಷ್ಟು ಹೊತ್ತು ನಾನು ಹೊರಗೆ ಬೆಂಚಿನ ಮೇಲೆ ಸೆರಗು ಸುತ್ತುತ್ತ ಕುಳಿತಿರುತ್ತೇನೆ.

ವಿಮಾನ ಕಪಾಟಿನ ಮೇಲಿದೆ. ಕಸೂತಿ ಹಾಕಿದ ಬಟ್ಟೆಯ ತುಂಡು ಕೆಳಗೆ ಹಾಸಿದ್ದೇನೆ. ಧೂಳನ್ನು ಬಣ್ಣದ ಬ್ರಷ್‌ನಿಂದಲೇ ತೆಗೆಯುತ್ತೇನೆ. ಕೆಂಪು ಇನ್ನೂ ಏರುತ್ತಿದೆ. ನಿಧಾನ, ಆದರೆ ಏರುತ್ತಿದೆ. ಎಲ್ಲಿಗೆ ನಿಲ್ಲುತ್ತದೆಯೋ ಗೊತ್ತಿಲ್ಲ. ನವಮಿಗೆ ಹತಾರಗಳಿಗೆಲ್ಲ ವಿಭೂತಿ ಮಾತ್ರ ಹಚ್ಚುತ್ತೇನೆ ಈಗ. ಕುಂಕುಮದ ಬಟ್ಟಲು ಒಳಗೇ ಇರುತ್ತದೆ.

ಇವರಿಗೆ ಅದರ ಬಣ್ಣ ಈಗ ಕಾಣುವುದಿಲ್ಲ. ವಾರಕ್ಕೊಮ್ಮೆ, ನಾನು ಧೂಳು ತೆಗೆಯುವಾಗ, ಕುಳಿತಲ್ಲಿಂದಲೇ ಕೇಳುತ್ತಾರೆ.

"ಎಷ್ಟಾತು?"

"ಹೋದ ವಾರದಷ್ಟಽ ಐತಿ."

"ಇಲ್ಲಿ ಬಾ," ಎನ್ನುತ್ತಾರೆ. ಹೋಗುತ್ತೇನೆ. ನನ್ನ ಕೈ ಹಿಡಿದು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಳ್ಳುತ್ತಾರೆ, ನಡುಗುತ್ತದೆಯೋ ಇಲ್ಲವೋ ಎಂದು.